ಬೆಚ್ಚನೆಯ ನೆಲಕ್ಕೊಂದು ಅಂದಾಜು

ಚಳಿಗಾಲದಲ್ಲಿ ನಮ್ಮ ಮನೆಗೆ ಬರುವವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೊಡನೆ ಮೊದಲು ನೋಡುವುದು ನನ್ನ ಮುಖವನ್ನಲ್ಲ, ನೆಲವನ್ನು. ಆಮೇಲೆ ಇನ್ನೊಂದು ಕಾಲನ್ನೂ ಇಟ್ಟು, ಕಣ್ಣು ಅರೆಮುಚ್ಚಿ, ಒಂದು ಕ್ಷಣ ಸುಮ್ಮನೆ ನಿಲ್ಲುತ್ತಾರೆ. ಗೃಹಸ್ಥನ ಕ್ಷೇಮಸಮಾಚಾರ ವಿಚಾರಿಸುವ ಸೌಜನ್ಯ ನೆನಪಾಗುವುದು ಅಂಗಾಲು ಬೆಚ್ಚಗಾದ ಮೇಲೆಯೇ. ನನಗೆ ಇದರಿಂದ ಬೇಸರವಿಲ್ಲ. ನಿಜ ಹೇಳಬೇಕೆಂದರೆ ಎದೆ ಉಬ್ಬುತ್ತದೆ.

ಫ್ಲೂಗರ್‌ವಿಲ್‌ನಂಥ ಸೆಕೆಯ ಊರಿನಲ್ಲಿ ನೆಲದಡಿ ಕೊಳವೆ ಹಾಯಿಸಿ, ಬಿಸಿನೀರು ಹರಿಸಿ ಮನೆ ಬೆಚ್ಚಗಿಡುವ ಹುಚ್ಚು ನನ್ನದಲ್ಲ. ಹಿಮ ಬೀಳುವ ರಾಜ್ಯದಿಂದ ಬಂದಿದ್ದ ಹಿಂದಿನ ಮಾಲೀಕರು ಮಾಡಿಸಿಟ್ಟದ್ದು. ನಾನು ಕೊಂಡದ್ದು ಮನೆಯನ್ನು. ಅದರ ಅಹಂಕಾರ ಉಚಿತವಾಗಿ ಬಂತು.

ನಾನು ನಿವೃತ್ತನಾದ ವರ್ಷವೇ ನೀರು ಕಾಯಿಸುವ ಗ್ಯಾಸ್ ಬಾಯ್ಲರ್ ಕೂಡ ನಿವೃತ್ತಿಯ ಲಕ್ಷಣಗಳನ್ನು ತೋರಿಸತೊಡಗಿತು. ಬಾಯ್ಲರ್ ಮಾರುವವನು ಇದಕ್ಕಿಂತ ದೊಡ್ಡದನ್ನು ಹಾಕಿಸಿ ಎಂದ. ಫುಲ್‌ಶೀರ್‌ನಲ್ಲಿರುವ ಮಗಳು ಫೋನಿನಲ್ಲಿ, “ಜಸ್ಟ್ ಶಟ್ ಇಟ್ ಆಫ್, ಅಪ್ಪಾ” ಎಂದಳು. ಹೆಂಡತಿ ವಿಮಲಾ ಮಾತ್ರ ನೆಲದ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಫೋನಿನಲ್ಲಿ ಹರಟುವುದು ಎಲ್ಲವೂ ಆಕೆಗೆ ನೆಲದ ಮೇಲೆಯೇ ಆಗಬೇಕು. ನೆಲ ತಣ್ಣಗಾದರೆ ಆಕೆಯ ಚಳಿಗಾಲವೇ ಕುರ್ಚಿಯ ಪಾಲಾಗುತ್ತದೆಂಬುದು ನನಗೆ ಗೊತ್ತಿತ್ತು.

ಯೂಲೆಸ್‌ನಲ್ಲಿರುವ ನನ್ನ ಡಾಕ್ಟರ್ ಮಿತ್ರರು ಪರೀಕ್ಷಿಸದೆ ಔಷಧಿ ಬರೆಯುವುದಿಲ್ಲ. ಆಯುಷ್ಯವಿಡೀ ವಿದ್ಯುತ್ ಸ್ಥಾವರಗಳ ಇಂಧನಚಿಂತೆಯಲ್ಲೇ ಕೂದಲು ಉದುರಿಸಿಕೊಂಡ ನಾನು ಅಂದಾಜಿಲ್ಲದೆ ಯಂತ್ರ ಕೊಳ್ಳುವುದುಂಟೆ? ಗೋಡೆ ಅಳೆದೆ, ಕಿಟಕಿ ಅಳೆದೆ, ಅಟ್ಟ ಹತ್ತಿ ಶಾಖ ತಡೆಯುವ ಗಾಜುನಾರಿನ ಇನ್ಸುಲೇಶನ್ನಿನ ದಪ್ಪ ನೋಡಿ ಮೈಯೆಲ್ಲ ತುರಿಸಿಕೊಂಡು ಇಳಿದೆ. ಹಿಂದಿನ ಚಳಿಗಾಲಗಳ ಶೀತವನ್ನೂ ಬಾಯ್ಲರಿನ ದಕ್ಷತೆಯನ್ನೂ ಸೇರಿಸಿ, ಅಡುಗೆ ಮತ್ತು ಸ್ನಾನದ ಗ್ಯಾಸು ಕಳೆದು ನೋಡಿದರೆ, ನಮಗೆ ಬರುತ್ತಿದ್ದ ಬಿಲ್ಲು ನನ್ನ ಅಂದಾಜಿನ ಹೆಚ್ಚುಕಡಿಮೆ ಎರಡರಷ್ಟಿತ್ತು. ಮತ್ತೆ ಲೆಕ್ಕ ಹಾಕಿದೆ, ಉತ್ತರ ಜಗ್ಗಲಿಲ್ಲ. ಬಾಯ್ಲರೇ ಕಳ್ಳ ಎಂದು ತೀರ್ಮಾನಿಸಿ, ಇನ್ನೊಂದಕ್ಕೆ ದುಡ್ಡು ಸುರಿಯುವ ಬದಲು ಅದನ್ನು ಕಿತ್ತುಹಾಕಿಸಿ ನೆಲದ ಬಿಸಿಗೆ ಶಾಶ್ವತವಾಗಿ ಮಂಗಳ ಹಾಡಿಬಿಡುವುದೇ ಲೇಸೆಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಕೊನೆಯದಾಗಿ ಒಂದು ಗೋಡೆಯನ್ನು ಇನ್ನೊಮ್ಮೆ ಅಳೆಯೋಣವೆಂದು, ಒಳ್ಳೆಯ ಬಿಸಿಲಿದ್ದ ಒಂದು ಮಧ್ಯಾಹ್ನ, ಟೇಪು ಹಿಡಿದು ಅಡುಗೆಮನೆಗೆ ಹೋದೆ. ಊಟವೂ ನಡುಮನೆಯಲ್ಲೇ ಆಗುವುದರಿಂದ ನಾನು ಅತ್ತ ಸುಳಿಯುವುದೇ ಅಪರೂಪ. ಕಿಟಕಿ ಪೂರ್ತಿ ತೆರೆದಿತ್ತು. ನೆಲ ಮಾತ್ರ ಮಾಘಮಾಸವನ್ನು ಎದುರಿಸುವ ಹುರುಪಿನಲ್ಲಿ ಕಾಯುತ್ತಿತ್ತು. ಗೋಡೆಯುದ್ದಕ್ಕೂ ತಟ್ಟೆ ಮುಚ್ಚಿದ ಪಾತ್ರೆಗಳು, ಒಂದೊಂದರ ಮೇಲೂ ಚೀಟಿ ಅಂಟಿಸಿದ ಒಂದೊಂದು ಹೆಸರು. ಒಂದರ ತಟ್ಟೆ ಎತ್ತಿದೆ. ದೋಸೆಹಿಟ್ಟು ಕಂಠದವರೆಗೆ ಉಕ್ಕಿ ನಿಂತಿತ್ತು.

“ಓವನ್ನಲ್ಲಿ ಲೈಟ್ ಹಾಕಿ ಇಟ್ರೂ ಅಕ್ಕಪಕ್ಕದವರ ಹಿಟ್ಟು ಹುದುಗು ಬರ್ತಿರ್ಲಿಲ್ಲ ಕಣ್ರೀ,” ಎಂದಳು ವಿಮಲಾ. “ನಮ್ಮ ನೆಲದ ಮೇಲೆ ಇಟ್ರೆ ಬೆಳಗಾಗೋದ್ರೊಳಗೆ ಉಬ್ಬುತ್ತೆ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಬಿಸಿ ಇಟ್ಟೆ. ಸೆಕೆ ಆಯ್ತು, ಕಿಟಕಿ ತೆಗೆದೆ.”

“ಮೊದಲೇ ಹೇಳೋದಲ್ವಾ?”

“ನೀವು ಗೋಡೆ ಬಗ್ಗೆ ಕೇಳಿದ್ರಿ. ಹಿಟ್ಟಿನ ಬಗ್ಗೆ ಎಲ್ಲಿ ಕೇಳಿದ್ರಿ?”

ಸಿಟ್ಟು ಬರಬೇಕಿತ್ತು. ಬಂದದ್ದು ಪರಮಾನಂದ, ಏಕೆಂದರೆ ನನ್ನ ಲೆಕ್ಕ ತಪ್ಪಿರಲಿಲ್ಲ. ಆ ಸ್ವಾರ್ಥದ ಸಂತೋಷ ಇಳಿದ ಮೇಲೆ ಚೀಟಿಗಳನ್ನು ಒಂದೊಂದಾಗಿ ಓದಿದೆ. ವರ್ಷಗಟ್ಟಲೆ ಇಲ್ಲಿದ್ದೂ ನಾನು ಕೈಯೆತ್ತಿ ‘ಹಾಯ್’ ಎನ್ನುವುದರಾಚೆ ದಾಟದ ಮನೆಗಳ ಹೆಸರುಗಳು. ನೆಲದ ಶಾಖವನ್ನು ಅತಿಥಿಗಳ ಮುಂದೆ ಪ್ರದರ್ಶಿಸುವುದಷ್ಟೇ ನನಗೆ ಗೊತ್ತಿತ್ತು. ಈಕೆ ಅದನ್ನು ಊರಿಗೆ ಹಂಚಿದ್ದಳು. ನನ್ನ ಹೆಂಡತಿಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಅದುವರೆಗೆ ಆಗಿರಲಿಲ್ಲ.

ಅಂದಾಜನ್ನು ಹೊಸದಾಗಿ ಬರೆದೆ. ಈ ಬಾರಿ ಹಿಟ್ಟಿಗೂ ಅದರಲ್ಲಿ ಸ್ಥಾನ ಸಿಕ್ಕಿತು. ಮನೆಗೆ ಚಿಕ್ಕ ಬಾಯ್ಲರೇ ಸಾಕೆಂದೂ, ಅಡುಗೆಮನೆಯ ಒಂದು ಮೂಲೆಗೆ ಮಾತ್ರ ಬೇರೆ ಥರ್ಮೋಸ್ಟಾಟ್ ಬೇಕೆಂದೂ, ಕಿಟಕಿ ಮುಚ್ಚಿರಬೇಕೆಂದೂ ನಿರ್ಣಯವಾಯಿತು. ಆ ಮೂಲೆಯನ್ನು ಬಿಟ್ಟುಬಿಟ್ಟರೆ ಗ್ಯಾಸು ಇನ್ನೂ ಉಳಿಯುತ್ತದೆಂದು ಬಾಯ್ಲರ್ ಮಾರುವವನು ತಿಳಿಸಿದ. ಗೊತ್ತು, ಆದರೆ ಅದು ಬೇಕು ಎಂದೆ. ಮೂಲೆಯಲ್ಲಿ ಏನಿಡುತ್ತೀರಿ ಎಂದು ಕೇಳಿದ; ವಿವರಿಸಲು ಅವನಿಗೊಂದು ದೋಸೆಯನ್ನೇ ತಿನ್ನಿಸಬೇಕಾಯಿತು.

ಮುಂದಿನ ಚಳಿಗಾಲದ ಮೊದಲ ಬಿಲ್ಲು ನನ್ನ ಅಂದಾಜಿಗೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಬಂತು. ಅದನ್ನು ವಿಮಲಾಗೆ ತೋರಿಸಿ ಬೀಗಬೇಕೆಂದು ಅಡುಗೆಮನೆಗೆ ಧಾವಿಸಿದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಆಕೆ ಪಾತ್ರೆಗಳ ನಡುವೆ ಕುಳಿತು, ಯಾರದೋ ಹಿಟ್ಟಿನ ಪಾತ್ರೆಗೆ ಕಿವಿಯಿಟ್ಟು ಗುಳ್ಳೆಯೇಳುವ ಸದ್ದನ್ನು ಆಲಿಸುತ್ತಾ, ನನಗೆ ಸುಮ್ಮನಿರುವಂತೆ ಸನ್ನೆ ಮಾಡಿದಳು. ನಾನು ಬಿಲ್ಲನ್ನು ಮಡಚಿ ಜೇಬಿನಲ್ಲಿಟ್ಟು, ಹೊಸ್ತಿಲಲ್ಲೇ ನೆಲದ ಮೇಲೆ ಕುಳಿತುಕೊಂಡೆ.