ಉಕ್ಕಿನ ನದಿ

ಗೋಕಾಕದ ಆಟೋದವರು ಈಗ ‘ಜಿಲೇಬಿ, ಜಿಲೇಬಿ’ ಎಂದು ಕೂಗಿದರೆ ಅದು ತಿಂಡಿಯಲ್ಲ, ನಿಲ್ದಾಣ. ಕರದಂಟೆಂಬ ಸಿಹಿಗೆ ಹೆಸರಾದ ಊರಿಗೆ ಈ ಅಪಚಾರ ಬಂದದ್ದು, ನಮ್ಮ ಸುಂದರೀಕರಣ ಸಮಿತಿಯವರು ಘಟಪ್ರಭೆಯ ಗೌರವಾರ್ಥ ವೃತ್ತದ ನಡುವೆ ಉಕ್ಕಿನ ಶಿಲ್ಪವೊಂದನ್ನು ನಿಲ್ಲಿಸಿದ ಮೇಲೆ. ಅಲೆ, ಸುಳಿಗಳೆಂದು ಕಲಾವಿದರು ಸುತ್ತಿದ್ದು ಜನರ ಕಣ್ಣಿಗೆ ಜಿಲೇಬಿಯಾಗಿ ಕಂಡಿತು. ಉಕ್ಕುವ ನದಿಯನ್ನು ಕಂಡು ಸಾಕಾದ ಊರಿಗೆ ಉಕ್ಕಿನ ನದಿಯೂ ಬೇಕೆಂದು ಸಮಿತಿಗೆ ಹೊಳೆದದ್ದು ಹೇಗೋ, ಆ ಹೊಳೆಗೇ ಗೊತ್ತು.

ಆದರೆ ನಾನು ನಗುವ ಹಾಗಿಲ್ಲ. ಶಿಲ್ಪದ ಬುಡದ ಕಪ್ಪು ಕಲ್ಲಿನಲ್ಲಿ ಕೆತ್ತಿರುವ ಒಕ್ಕಣೆ ನನ್ನದು. ಆಯುಷ್ಯವಿಡೀ ಹಳೆಗನ್ನಡ ಬೋಧಿಸಿ ನಿವೃತ್ತನಾದವನಿಗೆ ಸಮಿತಿಯ ಅಧ್ಯಕ್ಷರೇ ಮನೆಗೆ ಬಂದು ಶಾಲು ಹೊದಿಸಿದರೆ ಬುದ್ಧಿ ಎಷ್ಟು ಹೊತ್ತು ನೆಟ್ಟಗಿದ್ದೀತು? ‘ಜೀವದಾಯಿನಿ, ಮಂದಗಾಮಿನಿ, ಶಾಂತಸ್ವರೂಪಿಣಿ’ ಎಂದು ಬರೆದುಕೊಟ್ಟೆ. ಹೊಳೆಗೆ ಮಹಾಪೂರ ಬಂದು ಊರು ಮುಳುಗಿದಾಗ ನಾನು ಧಾರವಾಡದಲ್ಲಿ ಮಗಳ ಮನೆಯ ಮೂರನೆಯ ಮಹಡಿಯಲ್ಲಿದ್ದೆ. ಅಷ್ಟು ದೂರದಿಂದ ಯಾವ ನದಿಯಾದರೂ ಶಾಂತವೇ.

ಒಂದು ಮುಂಜಾನೆ ನನ್ನ ಅಕ್ಷರಗಳನ್ನು ನಾನೇ ಮೆಚ್ಚುತ್ತ ನಿಂತಿದ್ದಾಗ ಯಲ್ಲವ್ವ ಬಂದಳು. ಹೊಳೆದಂಡೆಯ ಓಣಿಯಲ್ಲಿ ಕುರಿ ಸಾಕಿಕೊಂಡಿರುವವಳು, ನಮ್ಮ ಮನೆಗೆ ಕಂಬಳಿ ಕೊಡುವವಳು.

“ಏನ ಬರದೈತ್ರಿ ಸರ? ಓದಿ ಹೇಳ್ರಿ.”

ಓದಿದೆ, ಅರ್ಥವನ್ನೂ ಹೇಳಿದೆ.

“ಶಾಂತ ಅದಾಳಂತ? ದೊಡ್ಡಿ ಬಾಗಲಾ ತಗ್ಯಾಕ ಹೋದ್ರ ನೀರ ನನ್ನ ಕುತ್ತಿಗಿಗೆ ಬಂತ್ರಿ. ಹನ್ನೊಂದ ಕುರಿ ಒಳಗ ಉಳದೂವು. ಇದನ್ನ ಬರದಾವ ಯಾವ ಊರಾವ್ರಿ?”

ಹಳೆಗನ್ನಡ ಕೈಕೊಟ್ಟಿತು. “ಯಾರೋ, ಗೊತ್ತಿಲ್ಲವ್ವಾ” ಎಂದೆ.

ಆ ಸುಳ್ಳು ಇಡೀ ದಿನ ಬೆನ್ನು ಬಿಡಲಿಲ್ಲ. ಸಂಜೆ ಅಧ್ಯಕ್ಷರ ಮನೆಗೆ ಹೋಗಿ, ಎರಡು ಪದ ಬದಲಿಸೋಣವೆಂದೆ. “ಕಲ್ಲಾಗ ಕೆತ್ತಿದ್ದ ಹೆಂಗ ಅಳಸೂದ್ರಿ ಸರ? ಬಾಳ ಚಂದ ಬರದೀರಿ ಬಿಡ್ರಿ” ಎಂದು ಚಹಾ ಕುಡಿಸಿ ಕಳಿಸಿದರು.

ಮರುದಿನ ಯಲ್ಲವ್ವನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ; ಕಲ್ಲಿನ ಅಕ್ಷರ ಅಳಿಸಲಾಗದೆಂದೂ ಹೇಳಿದೆ.

“ನಿನ್ನೆನ ಗೊತ್ತಾತ್ರಿ. ಓದುವಾಗ ನಿಮ್ಮ ದನಿ ಭಾರೀ ಮೆತ್ತಗ ಆಗಿತ್ತು” ಎಂದಳು. ಒಳಗೆ ಹೋಗಿ, ಕುರಿಗಳಿಗೆ ಗುರುತು ಹಚ್ಚುವ ಕೆಂಪು ಬಣ್ಣದ ಡಬ್ಬಿ, ಒಂದು ಅರಿವೆಯ ತುಂಡು ತಂದಳು. “ಅಳಸೂದ ಬ್ಯಾಡ. ಬರ್ರಿ.”

ವೃತ್ತದಲ್ಲಿ ನಿಂತು, ಆಮೇಲೆ ನೀರು ಇನ್ನೂ ಏರಿ ತನ್ನ ದೊಡ್ಡಿ ಮುಳುಗಿದ ಮಟ್ಟವನ್ನು ಕೈಯೆತ್ತಿ ತೋರಿಸಿದಳು. ಅವಳಿಗೆ ಎಟುಕಲಿಲ್ಲ; ನನಗೂ ಎಟುಕಲಿಲ್ಲ. ಚಪ್ಪಲಿ ಕಳಚಿ, ಶಾಂತಸ್ವರೂಪಿಣಿಯ ಮೇಲೆಯೇ ಕಾಲೂರಿ ನಿಂತು ಉಕ್ಕಿನ ಮೇಲೆ ಕೆಂಪು ಗೆರೆ ಎಳೆದೆ. ಚಹಾದಂಗಡಿಯವನು ಬಂದು ತನ್ನ ಅಂಗಡಿಯಲ್ಲಿ ನೀರು ನಿಂತ ಮಟ್ಟಕ್ಕೆ ಗೆರೆ ಎಳೆದ. ಆಟೋದವರು ಇಳಿದು ಬಂದರು. ಯಾರೂ ಜಿಲೇಬಿ ಎನ್ನಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷರ ಕಾರು ನಿಂತಿತು. “ಏನ್ ಸರ, ಕಲ್ತಾವ್ರ ನೀವ ಹಿಂಗ ಹೊಲಸ ಮಾಡಿದ್ರ ಹೆಂಗ್ರಿ?”

ಯಲ್ಲವ್ವ ಮುಂದೆ ಬಂದು ಕೇಳಿದಳು: “ಸಾವ್ಕಾರ್ರ, ನಿಮ್ಮವ್ವನ್ನ ಮಾಳಗಿ ಮ್ಯಾಲಿಂದ ದೋಣ್ಯಾಗ ಇಳಿಸಿದ್ರಲ್ರಿ, ಅವತ್ತ ನೀರ ಎಲ್ಲಿತನಾ ಇತ್ರಿ?”

ಅಧ್ಯಕ್ಷರು ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ನೋಡಿದರು. “ಇವೆಲ್ಲಾದಕ್ಕಿಂತ ಒಂದ ಗೇಣ ಮ್ಯಾಲ” ಎಂದು ಮೆಲ್ಲಗೆ ಹೇಳಿ, ಅರಿವೆಗಾಗಿ ಕೈಚಾಚಿದರು. ಕಟ್ಟೆ ಹತ್ತಿ ಗೆರೆ ಎಳೆದು ಇಳಿಯುವಾಗ ಅವರ ಬಿಳಿ ಅಂಗಿಯ ತೋಳಿಗೆಲ್ಲ ಕುರಿಯ ಬಣ್ಣ ಹತ್ತಿತ್ತು, ಅದನ್ನವರು ಒರೆಸಿಕೊಳ್ಳಲಿಲ್ಲ.