ಜೋಡಿ ಇಲ್ಲದ ಕಪ್ಲರ್

ಮನೆಯಲ್ಲಿ ಏನು ಕೆಟ್ಟರೂ ಗಿರಿರಾಜನಿಗೆ ಒಳಗೊಳಗೇ ಒಂದು ಹಿಗ್ಗು. ಮಿಕ್ಸಿ ನಿಂತರೆ ಬಿಚ್ಚುತ್ತಾನೆ, ನಲ್ಲಿ ಸೋರಿದರೆ ಬಿಚ್ಚುತ್ತಾನೆ, ಗೋಡೆ ಗಡಿಯಾರ ಸ್ವಲ್ಪ ಹಿಂದೆ ಬಿದ್ದರೂ ಕೆಳಗಿಳಿಸಿ ಬಿಚ್ಚುತ್ತಾನೆ. ಮತ್ತೆ ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಮಿಕ್ಕುವುದು ವಾಡಿಕೆ. ಕೇಳಿದರೆ, “ಕಂಪ್ನಿಯೋರು ಸುಮ್ನೆ ಜಾಸ್ತಿ ಹಾಕಿರ್ತಾರೆ” ಅನ್ನುತ್ತಾನೆ. ಸಹಕಾರ ಸಂಘದ ಗುಮಾಸ್ತನಿಗೆ ಇದೆಲ್ಲ ಯಾಕೆ ಎಂದು ಹೆಂಡತಿ ಸುಮಂಗಲಾ ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಆ ಭಾನುವಾರ ಆರ್‌ಪಿಸಿ ಲೇಔಟಿನ ಅವನ ಮನೆ ಮುಂದೆ ಬಾಯಿ ತೆರೆದು ನಿಂತಿದ್ದು ಕಾರು. ಅದೇನು ತಾನಾಗಿ ಕೆಟ್ಟಿದ್ದಲ್ಲ. ನೆಟ್ಟಗೆ ಓಡುತ್ತಿದ್ದುದನ್ನು ಇವನೇ ಬಿಚ್ಚಿ ಕೆಡಿಸಿದ್ದ, ಅದೂ ಪ್ರೀತಿಯಿಂದ.

ಆ ಪ್ರೀತಿ ಅಕ್ಕವ್ವನ ಮೇಲಿನದು. ಅಕ್ಕವ್ವ ಅಂದರೆ ಅವನ ತಾಯಿ ಕಮಲಾಕ್ಷಮ್ಮನ ಸ್ವಂತ ಅಕ್ಕ. ಹಿರಿಯೂರಿನಲ್ಲಿ ಅವನನ್ನು ಮನೆಯಲ್ಲಿಟ್ಟುಕೊಂಡು, ತನ್ನ ಮಗನಿಗೆ ಹಾಕಿದ ತುಪ್ಪವನ್ನೇ ಇವನಿಗೂ ಹಾಕಿ ಹೈಸ್ಕೂಲು ಓದಿಸಿದವಳು. ಈಗ ಕೆಂಗೇರಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಕಣ್ಣು ಪೂರಾ ಮಂಜು, ಕಿವಿ ಮಂದ, ಕಾಲು ಊರಲಾಗುವುದಿಲ್ಲ. ಡಾಕ್ಟರು ಮಾತ್ರೆಯೆಲ್ಲ ನಿಲ್ಲಿಸಿ, ಅವಳಿಗೆ ಏನು ಆಸೆಯೋ ಅದನ್ನು ನಡೆಸಿಕೊಡಿ ಎಂದಿದ್ದರು. ಅದರರ್ಥ ಎಲ್ಲರಿಗೂ ಗೊತ್ತಾಗಿತ್ತು. ಅವಳಿಗಿದ್ದದ್ದು ಒಂದೇ ಆಸೆ: ಗಿರಿ ಓಡಿಸುವ ಕಾರಿನಲ್ಲಿ ಕೂತು ಒಂದು ಸಲ ಅವನ ಮನೆಗೆ ಹೋಗಬೇಕು. ಇವನು ಫೋನಿನಲ್ಲಿ ಕೂಗಿ ಕೂಗಿ ಹೇಳಿದ್ದ, “ಭಾನುವಾರ ನಾನೇ ಬಂದು ಕರ್ಕೊಂಡ್ ಹೋಗ್ತೀನಿ ದೊಡ್ಡವ್ವ.”

ಹೇಳಿದವನು ಸುಮ್ಮನೆ ಹೋಗಿ ಕರೆತರಬಹುದಿತ್ತಲ್ಲ. ಇಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಸ್ವಲ್ಪ ನಡುಗುತ್ತದೆ, ಮುದುಕಿಯ ಮೂಳೆ ಕುಲುಕಬಾರದು ಎಂದು ಶನಿವಾರ ಸಂಜೆ ಯೂಟ್ಯೂಬ್ ನೋಡಿಕೊಂಡು ಏರ್ ಫಿಲ್ಟರಿನ ಡಬ್ಬವನ್ನು, ಅದರ ಸುತ್ತಲಿನ ಪೈಪುಗಳನ್ನು ಬಿಚ್ಚಿ ತೊಳೆದು ಒರೆಸಿ ಜೋಡಿಸಿದ. ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕೀಲಿ ತಿರುಗಿಸಿದ. ಕಾರು ಗುರ್ ಎಂದಿತು, ಒಂದು ಸಲ ಕೆಮ್ಮಿತು, ಆರಿಹೋಯಿತು. ಮತ್ತೆ ತಿರುಗಿಸಿದ. ಮತ್ತೆ ಅದೇ ಕೆಮ್ಮು.

ಬಾನೆಟ್ ಎತ್ತಿ ನೋಡಿದರೆ, ಬ್ಯಾಟರಿಯ ಕೆಳಗೆ ಒಂದು ಬೂದು ಬಣ್ಣದ ಪ್ಲಾಸ್ಟಿಕ್ ಕೊಂಡಿ ನೇತಾಡುತ್ತಿತ್ತು. ಮೆಕ್ಯಾನಿಕ್ಕುಗಳು ಅದನ್ನು ಕಪ್ಲರ್ ಅನ್ನುತ್ತಾರೆ. ಒಂದು ಕಪ್ಲರ್ ಇನ್ನೊಂದರ ಬಾಯಿಗೆ ಟಕ್ ಎಂದು ಕೂತರೆ ವೈರು ವೈರಿಗೆ ಸೇರಿದ ಹಾಗೆ. ಇದರ ಬಾಯಿ ಖಾಲಿ ಇತ್ತು.

“ಸಿಕ್ತು ಬಿಡು” ಎಂದ ಗಿರಿರಾಜ್, ಒಳಗಿದ್ದ ತಾಯಿಗೆ ಕೇಳುವಂತೆ. “ಒಂದು ಕನೆಕ್ಷನ್ ಬಿಟ್ಟೋಗಿದೆ ಅಷ್ಟೇ. ಸೀರೆ ಉಟ್ಕೋ, ಹತ್ತು ನಿಮಿಷ.”

ಕಮಲಾಕ್ಷಮ್ಮ ಸೀರೆ ಉಟ್ಟು, ಅಕ್ಕನಿಗೆಂದು ಮಾಡಿದ್ದ ಶಾವಿಗೆ ಪಾಯಸವನ್ನು ಡಬ್ಬಿಗೆ ಹಾಕಿ, ಬಾಗಿಲಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಬಿಸಿಲು ಅಂಗಳದಿಂದ ಹೊಸ್ತಿಲಿಗೆ ಬಂತು. ಜೋಡಿ ಸಿಗಲಿಲ್ಲ.

ಎಲ್ಲಿ ತಾನೇ ಹುಡುಕಲಿಲ್ಲ ಅವನು! ಟಾರ್ಚು ಬಾಯಲ್ಲಿ ಕಚ್ಚಿಕೊಂಡು ರೇಡಿಯೇಟರಿನ ಸಂದಿ ನೋಡಿದ. ಸುಮಂಗಲಾಳ ಮುಖ ನೋಡುವ ಕನ್ನಡಿ ತಂದು ಎಂಜಿನ್ನಿನ ಹಿಂದೆ ಹಿಡಿದ. ವೈರನ್ನೇ ಹಿಡಿದು ಹೋದರೆ ಗೊತ್ತಾದೀತು ಎಂದು ಬ್ಯಾಟರಿಯನ್ನೇ ಎತ್ತಿ ಕೆಳಗಿಟ್ಟ. ಕಪ್ಲರಿನ ಎರಡು ವೈರು ಒಂದು ಕಪ್ಪು ಕೊಳವೆಯೊಳಗೆ ಹೊಕ್ಕವು, ಕೊಳವೆ ದಪ್ಪ ಕಟ್ಟಿನೊಳಗೆ ಹೊಕ್ಕಿತು, ಕಟ್ಟಿನಲ್ಲಿ ಅಂಥವೇ ನಲವತ್ತು ವೈರು. ಸುತ್ತಿದ್ದ ಟೇಪನ್ನು ಬ್ಲೇಡಿನಲ್ಲಿ ಸೀಳಿದ. ಬೆರಳೂ ಸೀಳಿತು. ರಕ್ತವನ್ನು ಪ್ಯಾಂಟಿಗೆ ಒರೆಸಿಕೊಂಡು ಕಾರಿನ ಕೆಳಗೆ ಮಲಗಿದ, ಮುಖದ ಮೇಲೆ ಮಣ್ಣು ಉದುರಿತು. ಅವನ ತಲೆ ಕೆಟ್ಟು ಮೊಸರಾಯಿತು.

“ಕ್ಯಾಬ್ ಮಾಡ್ಕೊಂಡು ಕರ್ಕೊಂಡ್ ಬನ್ನಿ ಅಂದ್ರೆ” ಎಂದಳು ಸುಮಂಗಲಾ.

“ಕ್ಯಾಬಲ್ಲಿ ಕರ್ಕೊಂಡ್ ಬರೋಕೆ ನಾನ್ ಯಾಕೆ ಬೇಕು? ನನ್ ಕಾರು ಅಂದಿದಾಳೆ ಅವ್ಳು.”

“ಮೆಕ್ಯಾನಿಕ್‌ಗಾದ್ರೂ ಫೋನ್ ಮಾಡಿ.”

ಗಿರಿರಾಜ್ ಟಾರ್ಚನ್ನು ಮತ್ತೆ ಬಾಯಲ್ಲಿ ಕಚ್ಚಿಕೊಂಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನ ಹತ್ತಿರ ಯಾರು ಜಗಳ ಆಡುತ್ತಾರೆ.

ಆಗ ಪಕ್ಕದ ಮನೆಯ ದೊಡ್ಡಣ್ಣ ಗೇಟಿಗೆ ಬಂದ. ಅವನೂ ಗಿರಿರಾಜನೂ ಮಾತು ಬಿಟ್ಟಿದ್ದರು. ಕಾರಣ ಪಾರ್ಕಿಂಗು, ಈ ಕಡೆಯ ಬೀದಿಗಳಲ್ಲಿ ಇನ್ನೇನಿರುತ್ತದೆ. ಗಿರಿರಾಜನ ಮನೆಯೊಳಗೆ ಕಾರು ನಿಲ್ಲಿಸಲು ಜಾಗವಿಲ್ಲ, ಬೀದಿಯಲ್ಲಿ ನಿಲ್ಲಿಸಿದರೆ ಬಾಲ ದೊಡ್ಡಣ್ಣನ ಕಾಂಪೌಂಡಿನ ಮುಂದಕ್ಕೆ ಹೋಗುತ್ತದೆ. “ಈ ಲೇಔಟೇ ನಮ್ಮಪ್ಪನ ರಾಗಿ ಹೊಲ ಆಗಿತ್ತು” ಎಂದಿದ್ದ ದೊಡ್ಡಣ್ಣ, ಅಲ್ಲಿ ಸಿಮೆಂಟು ತುಂಬಿದ ಡಬ್ಬಗಳನ್ನಿಟ್ಟು. ಅಷ್ಟು ಸಾಲದೆ ಗಿರಿರಾಜನ ಕಾರಿನಂಥದೇ ಕಾರು, ಅದೇ ಬೆಳ್ಳಿ ಬಣ್ಣದ್ದು, ಆರು ತಿಂಗಳಾದ ಮೇಲೆ ತಂದ. ಹೊಟ್ಟೆ ಉರಿಸೋಕೇ ತಂದ ಅನ್ನುವುದರಲ್ಲಿ ಗಿರಿರಾಜನಿಗೆ ಅನುಮಾನವಿಲ್ಲ. ಗಂಡಸರ ಈ ಕದನಕ್ಕೆ ಹೆಂಗಸರು ಸೊಪ್ಪು ಹಾಕಿರಲಿಲ್ಲ. ದೊಡ್ಡಣ್ಣನ ಹೆಂಡತಿ ಹನುಮಕ್ಕ ಕಾಂಪೌಂಡಿನ ಮೇಲಿಂದ ಅವರೆಕಾಯಿ ಕೊಡುತ್ತಿದ್ದಳು, ಈ ಕಡೆಯಿಂದ ರೊಟ್ಟಿ ಹೋಗುತ್ತಿತ್ತು. ಅಕ್ಕವ್ವನ ವಿಷಯವೂ ಹಾಗೇ ಆ ಮನೆಗೆ ತಲುಪಿತ್ತು.

ದೊಡ್ಡಣ್ಣ ಕಪ್ಲರನ್ನು ನೋಡಿದ. ಗಂಟಲು ಸರಿ ಮಾಡಿಕೊಂಡ. “ಅದನ್ನ ಬಿಡ್ರೀ. ನನ್ ಗಾಡೀಲೂ ಅದು ಹಂಗೇ ನೇತಾಡ್ತದೆ. ಅದಕ್ಕೆ ಜೋಡಿ ಇಲ್ಲ, ದುಬಾರಿ ಮಾಡೆಲ್‌ಗೆ ಮಾತ್ರ ಅದು. ಬೇರೆ ಕಡೆ ನೋಡಿ.”

ಇಷ್ಟು ದಿನದ ಮೇಲೆ ಆಡಿದ ಮೊದಲ ಮಾತು. ನಿಜವಾದ ಮಾತು ಕೂಡ. ಆದರೆ ಗಿರಿರಾಜನಿಗೆ ಕೇಳಿಸಿದ್ದು ‘ನಿನ್ನದು ಅಗ್ಗದ ಗಾಡಿ’ ಅಂತ. ಅವನ ಮೈಯೆಲ್ಲ ಉರಿಯಿತು.

“ನಿಮ್ ಗಾಡಿ ನಿಮ್ಗೆ, ನಮ್ ಗಾಡಿ ನಮ್ಗೆ” ಎಂದು ಮತ್ತೆ ತಲೆ ಬಗ್ಗಿಸಿದ.

ದೊಡ್ಡಣ್ಣ ಅವನನ್ನು ಬಿಟ್ಟು ಬಾಗಿಲಿನ ಕಡೆ ತಿರುಗಿದ. “ಅಮ್ಮಾವ್ರೇ, ನನ್ ಗಾಡಿ ಖಾಲಿ ನಿಂತಿದೆ. ಹೋಗೋಣ್ವಾ?”

ಕಮಲಾಕ್ಷಮ್ಮ ಎದ್ದಳು. “ಗಿರಿ, ಬಾರೋ. ಕೈ ತೊಳ್ಕೊಂಡು ಬಾ, ಎಲ್ರೂ ಹೋಗೋಣ. ಅವ್ಳು ಬೆಳಿಗ್ಗೆಯಿಂದ ತಲೆ ಬಾಚ್ಕೊಂಡು ಕೂತಿದಾಳಂತೆ.”

“ನೀನ್ ಹೋಗಿ ಮಾತಾಡಿಸ್ತಾ ಇರು. ನಾನು ಹಿಂದೇನೇ ನಮ್ ಕಾರ್ ತರ್ತೀನಿ.”

“ಗಿರಿ.”

“ಹಿಂದೇನೇ ಬರ್ತೀನಿ ಅಂದ್ನಲ್ಲಮ್ಮ.”

ಅವಳು ಪಾಯಸದ ಡಬ್ಬಿ ಹಿಡಿದು ಹೊರಟಳು. ಪಕ್ಕದ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆ ಸದ್ದು ಕೇಳಿ ಗಿರಿರಾಜನಿಗೆ ಅಳುವೇ ಬಂತು.

ಆಮೇಲೆ ಏನು ಹೇಳುವುದು. ಮಧ್ಯಾಹ್ನದ ಊಟ ತಟ್ಟೆಯಲ್ಲಿ ತಣ್ಣಗಾಯಿತು. ವಿಜಯನಗರದ ಅಂಗಡಿಗೆ ಓಡಿ ಅಂಥದೇ ಕಪ್ಲರಿನ ಜೋಡಿ ಕೇಳಿದ, ಅವರು ಯಾವುದಕ್ಕೆ ಅಂದರು, ಇವನಿಗೆ ಗೊತ್ತಿರಲಿಲ್ಲ, ಬರಿಗೈಯಲ್ಲಿ ವಾಪಸು ಬಂದ. ಬಿಸಿಲು ಇಳಿಯುವ ಹೊತ್ತಿಗೆ ಸಿಟ್ಟು ನೆತ್ತಿಗೇರಿ, “ಹಾಳಾಗ್ ಹೋಗು” ಎಂದು ಆ ಕಪ್ಲರನ್ನು ಬೀಸಿ ಒಳಕ್ಕೆ ತಳ್ಳಿದ. ತಳ್ಳಿದ ರಭಸಕ್ಕೆ ಮೊಣಕೈ ಏರ್ ಫಿಲ್ಟರಿನ ಡಬ್ಬದ ಹಿಂಬದಿಗೆ ಬಡಿಯಿತು. ಅಲ್ಲಿ ಕಿರುಬೆರಳು ಗಾತ್ರದ ಒಂದು ರಬ್ಬರ್ ಪೈಪು ಸಡಿಲವಾಗಿ ಅಲ್ಲಾಡುತ್ತಿತ್ತು. ನಿನ್ನೆ ಅವನೇ ಕಿತ್ತದ್ದು, ಸಿಕ್ಕಿಸಲು ಮರೆತದ್ದು.

ಸಿಕ್ಕಿಸಿದ. ಬ್ಯಾಟರಿ ಕೂರಿಸಿದ. ಕೀಲಿ ತಿರುಗಿಸಿದ. ಎಂಜಿನ್ ಸ್ಟಾರ್ಟ್ ಆಯಿತು, ಈ ಸಲ ಆರಲಿಲ್ಲ, ನಡುಕವೂ ಇರಲಿಲ್ಲ. ಬೆಳಿಗ್ಗೆಯೇ ಆ ದೊಡ್ಡಣ್ಣನ ಮಾತಿಗೆ ಕಿವಿಗೊಟ್ಟಿದ್ದರೆ ಎಂದು ಒಂದು ಯೋಚನೆ ಬಂತು. ಅದನ್ನು ಪಕ್ಕಕ್ಕೆ ತಳ್ಳಿ, ಹಿಂದಿನ ಸೀಟಿಗೆ ದಿಂಬು ಜೋಡಿಸಿ, ಕೈ ಕೂಡ ತೊಳೆಯದೆ ಸ್ಟಿಯರಿಂಗ್ ಹಿಡಿದ.

ಹೊರಡಲು ಆಗಲಿಲ್ಲ. ತಿರುವಿನಿಂದ ದೊಡ್ಡಣ್ಣನ ಕಾರು ಬಂದು ಎದುರಿಗೆ ನಿಂತಿತು. ಕಮಲಾಕ್ಷಮ್ಮ ಮುಂದಿನಿಂದ ಇಳಿದಳು. ಹಿಂದಿನ ಸೀಟಿನಲ್ಲಿ, ಹನುಮಕ್ಕ ಕಾರಿನಲ್ಲಿಟ್ಟು ಕಳಿಸಿದ್ದ ಶಾಲು ಹೊದ್ದು, ಬಿಳಿ ಸೀರೆಯಲ್ಲಿ ಅಕ್ಕವ್ವ ಕೂತಿದ್ದಳು.

ಗಿರಿರಾಜ್ ಇಳಿದು ಓಡಿದ. ತಾಯಿ ಅವನ ತೋಳು ಹಿಡಿದು ನಿಲ್ಲಿಸಿದಳು.

“ಎಷ್ಟು ಕಾದ್ವಿ ಗೊತ್ತೇನೋ. ಅವ್ಳಿಗೆ ಸುಸ್ತಾಗ್ತಾ ಬಂತು, ಕೊನೆಗೆ ಇದ್ರಲ್ಲೇ ಕೂರಿಸಿದ್ವಿ. ಇದು ನಿನ್ ಕಾರೇ ಅಂದ್ಕೊಂಡಿದಾಳೆ ಕಣೋ. ದಾರಿ ಪೂರ್ತಿ ದೊಡ್ಡಣ್ಣೋರ ಹೆಗಲು ಸವರ್ತಾ, ಗಿರಿ ಗಿರಿ ಅಂತ ಮಾತಾಡ್ಕೊಂಡು ಬಂದ್ಳು. ಅವ್ರೂ ಹೂಂ ದೊಡ್ಡವ್ವ, ಹೂಂ ದೊಡ್ಡವ್ವ ಅಂದ್ರು. ಅಲ್ಲ ಅನ್ನೋಕೆ ನಮ್ಗೆ ಬಾಯಿ ಬರ್ಲಿಲ್ಲ.”

ದೊಡ್ಡಣ್ಣ ತಲೆ ತಗ್ಗಿಸಿಕೊಂಡು ಹಿಂದಿನ ಬಾಗಿಲು ತೆಗೆದ. ಅಕ್ಕವ್ವ ಮುಖ ಎತ್ತಿ, ಎದುರಿಗೆ ನಿಂತ ಕಪ್ಪು ಆಕಾರದ ಕಡೆ ಕಣ್ಣು ಕಿರಿದು ಮಾಡಿದಳು. ಆಯಿಲ್ ವಾಸನೆ ಮೂಗಿಗೆ ಬಡಿದಿರಬೇಕು.

“ಯಾರಪ್ಪ, ಮೆಕ್ಯಾನಿಕ್ಕಾ?”

ಕಮಲಾಕ್ಷಮ್ಮ ಮಗನ ಮುಖ ನೋಡಿದಳು. ಗಿರಿರಾಜ್ ಅಕ್ಕವ್ವನ ಮುಖವನ್ನೇ ನೋಡುತ್ತಿದ್ದ. ಅವಳು ಅಷ್ಟು ಸಂತೋಷವಾಗಿದ್ದುದನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು.

“ಹೂಂ ತಾಯಿ. ಮೆಕ್ಯಾನಿಕ್ಕು” ಎಂದ, ಜೋರಾಗಿ, ಅವಳಿಗೆ ಕೇಳುವ ಹಾಗೆ.

“ನಮ್ ಗಿರಿ ಕಾರು ರಿಪೇರಿ ಮಾಡ್ದೋನು ನೀನೇಯಾ? ಒಂಚೂರೂ ಕುಲುಕ್ಲಿಲ್ಲ ಕಣಪ್ಪ. ನಿನ್ ಹೊಟ್ಟೆ ತಣ್ಣಗಿರ್ಲಿ.”

ದೊಡ್ಡಣ್ಣ ಬಗ್ಗಿ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅವಳು ಅವನ ಕುತ್ತಿಗೆಗೆ ಕೈ ಹಾಕಿ, “ನಿಧಾನ ಗಿರಿ” ಎಂದಳು. ಗಿರಿರಾಜನ ಕೈ ಮೊಣಕೈವರೆಗೂ ಮಸಿಯಾಗಿತ್ತು, ಆ ಬಿಳಿ ಸೀರೆಯನ್ನು ಮುಟ್ಟುವ ಹಾಗಿರಲಿಲ್ಲ. ಅವನು ಕಾಲಿನಿಂದ ಗೇಟನ್ನು ತಳ್ಳಿ, ಅವರಿಬ್ಬರೂ ಒಳಗೆ ಹೋಗುವವರೆಗೆ ಬೆನ್ನು ಕೊಟ್ಟು ಹಿಡಿದುಕೊಂಡು ನಿಂತ.