ಬಾಯಿ ಬರೆಯದೆ ಬಿಟ್ಟ ಮುಖ

ಹೋದ ವಾರ ಕಾಂದಿವಲಿಯ ನಮ್ಮ ಬಿಲ್ಡಿಂಗಿಗೆ ಬಣ್ಣ ಹೊಡೆಯುವವರು ಬಂದಿದ್ದರು. ಮೆಟ್ಟಿಲ ಬಳಿ ಇಟ್ಟಿದ್ದ ಟರ್ಪೆಂಟೈನ್ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದೇ ನಿಂತುಬಿಟ್ಟೆ. ಕುರ್ಲಾದ ಚಾಳ್, ಎರಡನೇ ಮಾಳಿಗೆ, ಪಕ್ಕದ ಖೋಲಿಯ ಚಾಚಾ...

ನಾನು ಮದುವೆಯಾಗಿ ಉಡುಪಿ ಕಡೆಯಿಂದ ಆ ಚಾಳಿಗೆ ಬಂದದ್ದು ಅರವತ್ತರ ದಶಕದ ಕೊನೆಗೆ. ಗಂಡ ಚೆಂಬೂರಿನ ಹೋಟೆಲೊಂದರಲ್ಲಿ ದುಡ್ಡಿನ ಗಲ್ಲೆಯಲ್ಲಿ ಕೂರುತ್ತಿದ್ದರು. ನನಗೆ ಹಿಂದಿ ಬಾರದು, ಮರಾಠಿ ಬಾರದು. ಪಕ್ಕದ ಖೋಲಿಯಲ್ಲಿ ಕನ್ನಡ ಕೇಳಿದಾಗ ಹೋದ ಜೀವ ಬಂದಂತಾಯಿತು. ಚಾಚಾ ಬಿಜಾಪುರದವರು, ಅಂಗಡಿಗಳ ಬೋರ್ಡು ಬರೆಯುವವರು. ನಳದ ಸರದಿ, ರೇಶನ್, ಲೋಕಲ್ ರೈಲು ಹತ್ತುವುದು, ಎಲ್ಲ ನನಗೆ ಕಲಿಸಿದ್ದು ಅವರ ಹೆಂಡತಿ, ಚಾಚಿ.

ನಾನು ಬಂದ ಎರಡನೆಯ ವರ್ಷ ಚಾಚಾ ಬರೆದ ಕನ್ನಡ ಬೋರ್ಡೊಂದು ವಾಪಸು ಬಂತು.

"ಓದವ್ವಾ ತಂಗಿ, ಏನಾಗೇತಿ ನೋಡು," ಅಂದರು.

ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಓದಲಿಕ್ಕೆ ಆಗುವುದಿಲ್ಲ ಎಂದೆ. ಚಾಚಾ ತಲೆಯಾಡಿಸಿದರು. ಕಣ್ಣು ಮಂಜಾಗುತ್ತಿದ್ದದ್ದನ್ನು ಅವರು ಚಾಚಿಗೂ ಹೇಳಿರಲಿಲ್ಲ. ಡಾಕ್ಟರು ತಡವಾಯಿತು ಎಂದರಂತೆ. ಮುಂದಿನ ಮಳೆಗಾಲದ ಹೊತ್ತಿಗೆ ಪೂರ್ತಿ ಕತ್ತಲೆ.

ಕೆಲವು ತಿಂಗಳು ಗೋಡೆಗೆ ಮುಖ ಮಾಡಿ ಕೂತರು. ಆಮೇಲೆ ಒಂದು ದಿನ ಬ್ರಶ್ ಕೇಳಿದರು. ಬಣ್ಣಕ್ಕೆ ಮರದ ಹೊಟ್ಟು, ಅಂಟು ಕಲಸಿ ಮಂದ ಮಾಡಿ, ಹಲಗೆಯ ಮೇಲೆ ಗೆರೆ ಉಬ್ಬುವಂತೆ ಎಳೆಯುತ್ತಿದ್ದರು. ಒಣಗಿದ ಮೇಲೆ ಬೆರಳಲ್ಲಿ ನೋಡುತ್ತಿದ್ದರು. ಗುರುತು ಸಿಗಲೆಂದು ಕೆಂಪಿಗೆ ಮರಳು ಬೆರೆಸುತ್ತಿದ್ದರು, ನೀಲಿಯನ್ನು ನುಣ್ಣಗೇ ಬಿಡುತ್ತಿದ್ದರು. ನನಗೂ ಕಣ್ಣು ಮುಚ್ಚಿ ಮುಟ್ಟಿ ನೋಡಲು ಹೇಳಿದರು. ಏನೋ ಚೂಪಾಗಿ ಬೆರಳಿಗೆ ತಾಗಿತು, ಎತ್ತಿನ ಕೊಂಬು! ನಾನು ಕೂಗಿಕೊಂಡೆ. ಕಣ್ಣು ಹೋದ ಮೇಲೆ ಚಾಚಾ ನಕ್ಕದ್ದು ಅವತ್ತೇ ಮೊದಲು.

ಆಮೇಲೆ ಚಾಚಿಯ ಮುಖ ಶುರು ಮಾಡಿದರು. ಎಡಗೈ ಅವರ ಮುಖದ ಮೇಲೆ, ಬಲಗೈಯಲ್ಲಿ ಬ್ರಶ್. "ಈ ವಯಸ್ಸಿನಾಗ ಏನಿದು, ಮಂದಿ ನಗ್ತಾರ," ಎಂದು ಚಾಚಿ ಬೈಯುತ್ತಿದ್ದರು. ಆದರೆ ಎದ್ದು ಹೋಗುತ್ತಿರಲಿಲ್ಲ. ಹಣೆ, ಹುಬ್ಬು, ಕಣ್ಣು, ಮೂಗು ಆಯಿತು. ಅಷ್ಟರಲ್ಲಿ ಚಾಚಿಗೆ ಕಾಮಾಲೆ ಹಿಡಿಯಿತು. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ...

ನಲವತ್ತು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ ಊಟ ಕೊಡಲು ಹೋಗಿದ್ದೆ. ಹಲಗೆ ಅವರ ತೊಡೆಯ ಮೇಲಿತ್ತು.

"ತಂಗಿ, ಎಲ್ಲಾ ಕೈಯಾಗ ಐತಿ. ಆಕಿ ಬಾಯಿ ಒಂದ ಮರ್ತೀನಿ," ಅಂದರು. "ನಿನ್ನ ಮುಖಾ ಒಮ್ಮಿ ಮುಟ್ಲೇನು? ಮೂಗಿನಿಂದ ತುಟಿಗೆ ಎಷ್ಟು ಅಂತರಾ ಅಂತ ತಿಳಿದ್ರ, ಉಳಿದದ್ದು ನೆನಪಾದೀತು."

ಹೊರಗೆ ಪಡಸಾಲೆಯಲ್ಲಿ ಹೆಂಗಸರು ಅಕ್ಕಿ ಆರಿಸುತ್ತಿದ್ದರು. ಬಾಗಿಲು ತೆರೆದೇ ಇತ್ತು. ನನಗಾಗ ಇಪ್ಪತ್ತೆರಡು. ಒಂದು ಹೆಜ್ಜೆ ಹಿಂದೆ ಸರಿದೆ, ಅಷ್ಟೇ. ಕೈಬಳೆ ಸದ್ದಾಯಿತು. ಚಾಚಾ ಮುಂದೆ ಮಾಡಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು.

"ಬ್ಯಾಡ ಬಿಡವ್ವಾ, ತಪ್ಪಾತು."

ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಊಟದ ತಟ್ಟೆ ಹೊಸ್ತಿಲಲ್ಲೇ ಇಟ್ಟು ಬರತೊಡಗಿದೆ.

ಬೇಸಿಗೆಯಲ್ಲಿ ಅವರ ಅಣ್ಣನ ಮಗ ಬಂದು ಊರಿಗೆ ಕರೆದೊಯ್ದ. ಹೊರಡುವಾಗ ಚಾಚಾ ಹಲಗೆಯನ್ನು ನನ್ನ ಮುಂದೆ ಹಿಡಿದು, "ನೋಡು," ಅಂದರು. ಕಣ್ಣು ಮುಚ್ಚಿ ಬೆರಳಾಡಿಸಿದೆ. ಹುಬ್ಬು ಸಿಕ್ಕಿತು, ಮೂಗು ಸಿಕ್ಕಿತು. ಅದರ ಕೆಳಗೆ ಬರೀ ಮರ.

"ಗೊತ್ತಿಲ್ಲದ್ದು ಹೆಂಗ ಬರೀಲಿ?" ಅಂದರು.

ಈಗ ಮುಟ್ಟಿ ಚಾಚಾ, ಎನ್ನಲು ನನ್ನ ಬಾಯಿಯೂ ತೆರೆದಿತ್ತು. ಕೆಳಗಿನಿಂದ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಅಣ್ಣನ ಮಗ ಅವರ ತೋಳು ಹಿಡಿದು ಮೆಟ್ಟಿಲಿಳಿಸಿದ.

ಎರಡು ವರ್ಷದ ಮೇಲೆ ಅದೇ ಅಣ್ಣನ ಮಗ ಖೋಲಿ ಖಾಲಿ ಮಾಡಲು ಬಂದಾಗ, ಚಾಚಾ ಹೋಗಿಬಿಟ್ಟರು ಎಂದು ತಿಳಿಯಿತು. ಹಲಗೆ ಎಲ್ಲಿ ಎಂದು ಕೇಳಿದೆ. "ಅದಾ? ಬಾಯಿಲ್ಲದ ಮುಖ ನೋಡಿ ಹುಡುಗ್ರು ಅಂಜ್ತಿದ್ವು, ವೈನಿ. ಒಲಿಗೆ ಹಾಕಿದ್ರು," ಅಂದ.

ಈಗ ನನಗೆ ಎಪ್ಪತ್ತು ದಾಟಿದೆ. ಚಾಚಿ ನನ್ನನ್ನು ಕರೆಯುತ್ತಿದ್ದ ದನಿ ಇನ್ನೂ ಕಿವಿಯಲ್ಲಿದೆ. ಮುಖ ನೆನಪಿಸಿಕೊಳ್ಳಲು ಕೂತರೆ ಹುಬ್ಬು ಬರುತ್ತದೆ, ಮೂಗು ಬರುತ್ತದೆ... ಮೂರು ವರ್ಷ ದಿನಾಲೂ ಕಣ್ಣಾರೆ ಕಂಡವಳು ನಾನು. ಅವರ ಬಾಯಿ ಹೇಗಿತ್ತೆಂದು ನನಗೂ ಗೊತ್ತಿಲ್ಲ.